ಕಾಣದ ಹಿಂಸೆ: ಭರಮಸಾಗರದ ಕೆರೆಯಂಗಳದಿಂದ ಒಂದು ವಿಚಾರ

ಹಿಂಸೆಯೆಂದರೆ ಕೊಲ್ಲುವುದು ಎಂಬುದು ಲೋಕರೂಢಿಯ ಉತ್ತರ. ಜೈನ ದರ್ಶನದ ಉತ್ತರ ಇದಕ್ಕಿಂತ ಸೂಕ್ಷ್ಮವಾದುದು. ತತ್ತ್ವಾರ್ಥಸೂತ್ರಕಾರರಾದ ಉಮಾಸ್ವಾಮಿ ಆಚಾರ್ಯರು ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಪ್ರಾಣಹಾನಿಗಿಂತ ಮೊದಲು ಪ್ರಮಾದವನ್ನು ನಿಲ್ಲಿಸಿದರು. ನೆಲವನ್ನು ನೋಡಿ ಎಚ್ಚರದಿಂದ ಹೆಜ್ಜೆಯಿಡುವ ಮುನಿಯ ಪಾದದಡಿ ಆಕಸ್ಮಿಕವಾಗಿ ಒಂದು ಕ್ರಿಮಿ ಸತ್ತರೆ ಅದು ಆತನಿಗೆ ಹಿಂಸೆಯ ಬಂಧವನ್ನು ತರುವುದಿಲ್ಲ. ಎಚ್ಚರಗೇಡಿಯಾಗಿ ನಡೆದವನ ಕಾಲಿಗೆ ಒಂದು ಜೀವವೂ ಸಿಕ್ಕದಿದ್ದರೂ ಅವನು ಹಿಂಸಕನೇ. ಹೀಗಿರುವಲ್ಲಿ ಮತ್ತೊಂದು ಪ್ರಶ್ನೆ ಏಳುತ್ತದೆ. ಮಾಡಿದ ಕಾರ್ಯ ಇಲ್ಲಿ, ಅದರ ಫಲ ಸಾವಿರಾರು ಮೈಲಿ ಆಚೆ, ಮಾಡಿದವನ ಕಣ್ಣಿಗೆ ಎಂದೆಂದಿಗೂ ಬೀಳದ ಜಾಗದಲ್ಲಿ ಆಗುವುದಾದರೆ, ಅಂಥ ಹಾನಿಗೆ ಅವನು ಹೊಣೆಯೇ?

ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಪ್ರತಿ ವರ್ಷ ಮಾಘ ಕಳೆದು ಫಾಲ್ಗುಣ ಕಾಲಿಡುವಾಗ ಚಿತ್ರದುರ್ಗ ಸೀಮೆಯ ಕೆರೆಗಳ ಅಂಚಿನಲ್ಲಿ ಈ ಪ್ರಶ್ನೆ ರೆಕ್ಕೆ ಬಿಚ್ಚಿ ನಿಲ್ಲುತ್ತದೆ.

ಚಿತ್ರದುರ್ಗ ಮತ್ತು ದಾವಣಗೆರೆಗಳ ನಡುವೆ ಹೆದ್ದಾರಿಯ ಮಗ್ಗುಲಲ್ಲಿರುವ ಭರಮಸಾಗರ ತನ್ನ ಹೆಸರನ್ನು ಪಡೆದದ್ದು ದುರ್ಗದ ಪಾಳೆಯಗಾರ ಭರಮಣ್ಣ ನಾಯಕನಿಂದ. ಹದಿನೇಳನೆಯ ಶತಮಾನದ ಕೊನೆಯಿಂದ ಹದಿನೆಂಟನೆಯ ಶತಮಾನದ ಆರಂಭದವರೆಗೆ ಆಳಿದ ಈ ನಾಯಕನ ಹೆಸರನ್ನು ಹೊತ್ತ ವಿಶಾಲವಾದ ಕೆರೆ ಮಳೆ ಕಡಿಮೆಯಾದ ಈ ನಾಡಿನಲ್ಲಿ ಬಹುಕಾಲ ಬತ್ತಿಯೇ ಇರುತ್ತಿತ್ತು. ಈಚಿನ ವರ್ಷಗಳಲ್ಲಿ ತುಂಗಭದ್ರೆಯ ನೀರನ್ನು ಏತ ನೀರಾವರಿಯ ಮೂಲಕ ಹರಿಸಿ ಈ ಕೆರೆಯನ್ನೂ ಸುತ್ತಲಿನ ಹಲವು ಕೆರೆಗಳನ್ನೂ ತುಂಬಿಸಲಾಗಿದೆ. ರೈತನ ಕೊಳವೆಬಾವಿಗೆ ಜೀವ ಬಂದಿತು. ನೀರನ್ನು ಕಂಡ ಹಕ್ಕಿಗಳಿಗೂ ನೆಲೆ ದೊರೆಯಿತು.

ಶೀತದೇಶಗಳಲ್ಲಿ ವಸಂತದ ವಲಸೆಯೆಂದರೆ ಹಕ್ಕಿಗಳ ಆಗಮನ. ಕನ್ನಡ ನಾಡಿನಲ್ಲಿ ಅದು ನಿರ್ಗಮನ. ಮುತ್ತುಗ ಕೆಂಪಾಗಿ ಹೂಬಿಟ್ಟು ಬೇವು ಚಿಗುರುವ ವೇಳೆಗೆ, ಚಳಿಗಾಲವನ್ನು ಇಲ್ಲಿ ಕಳೆದ ಅತಿಥಿಗಳು ಒಂದೊಂದಾಗಿ ಹೊರಡಲು ಅಣಿಯಾಗುತ್ತವೆ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಲಡಾಖ್, ಟಿಬೆಟ್, ಮಂಗೋಲಿಯಾಗಳತ್ತ ಸಾಗುತ್ತವೆ. ಮಂಗೋಲಿಯಾದಲ್ಲಿ ಕತ್ತುಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಾಣಿಸಿಕೊಂಡಿರುವುದರಿಂದ ಈ ಪಯಣ ಊಹೆಯ ಮಾತಲ್ಲ. ಗುಲಾಬಿ ಕಬ್ಬಕ್ಕಿಗಳ ಹಿಂಡು ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಗೆ ಮರಳುತ್ತದೆ. ಮೂವತ್ತು ಗ್ರಾಂ ಕೂಡ ತೂಗದ ಸ್ಟಿಂಟ್ ಎಂಬ ಪುಟ್ಟ ಗೊರವ ಉತ್ತರಧ್ರುವದ ಸಮೀಪದ ತಂಪು ಬಯಲಿಗೆ ಹಾರುತ್ತದೆ. ಕನ್ನಡ ಕಾವ್ಯಗಳಲ್ಲಿ ವಿರಹಕ್ಕೆ ಪ್ರತೀಕವಾದ ಚಕ್ರವಾಕವೂ ಈ ಪಯಣಿಗರಲ್ಲೊಂದು. ರಾಜ್ಯದ ವಿಶಾಲ ಜಲಾಶಯಗಳ ಅಂಚಿನಲ್ಲಿ ಚಳಿಗಾಲ ಕಳೆಯುವ ಈ ಹಕ್ಕಿ ಮರಿಮಾಡುವುದು ಹಿಮಾಲಯದಾಚೆಯ ಎತ್ತರದ ಸರೋವರಗಳಲ್ಲಿ. ದಿಗಂಬರ ಪರಂಪರೆಯಲ್ಲಿ ಐದನೆಯ ತೀರ್ಥಂಕರ ಸುಮತಿನಾಥರ ಲಾಂಛನ ಇದೇ ಚಕ್ರವಾಕ. ಬಸದಿಯ ಪೀಠದ ಮೇಲೆ ಕೈಮುಗಿದು ಕಾಣುವ ಹಕ್ಕಿ ಕೆರೆಯಂಚಿನಲ್ಲಿ ನಿಂತಾಗ ಅದನ್ನು ಗುರುತಿಸುವ ಶ್ರಾವಕರೆಷ್ಟು ಮಂದಿ ಎಂಬುದು ವಿಚಾರಣೀಯ.

ಈ ಪಯಣದ ಸಿದ್ಧತೆಯಲ್ಲಿಯೇ ಧರ್ಮಸೂಕ್ಷ್ಮ ಅಡಗಿದೆ. ದೂರ ಹಾರುವ ಹಕ್ಕಿಗೆ ಬುತ್ತಿ ಕಟ್ಟಿಕೊಡುವವರಿಲ್ಲ. ಅದು ಮೈಯಲ್ಲಿ ಕೊಬ್ಬನ್ನು ಕೂಡಿಸಿಕೊಂಡು ಹೊರಡಬೇಕು. ಕೆಲವು ಸಣ್ಣ ಹಕ್ಕಿಗಳು ಹೊರಡುವ ಮುನ್ನಿನ ಕೆಲವೇ ವಾರಗಳಲ್ಲಿ ತಮ್ಮ ತೂಕವನ್ನು ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ ಹೆಚ್ಚಿಸಿಕೊಳ್ಳುತ್ತವೆ. ಆ ವಾರಗಳಲ್ಲಿ ಒಬ್ಬ ವೀಕ್ಷಕ ಹಾರುವ ಹಿಂಡಿನ ಚಿತ್ರಕ್ಕಾಗಿ ಒಂದು ಕಲ್ಲೆಸೆಯುತ್ತಾನೆ. ಇನ್ನೊಬ್ಬ ಡ್ರೋನ್ ಹಾರಿಸುತ್ತಾನೆ. ಮತ್ತೊಬ್ಬರ ಮದುವೆಯ ಚಿತ್ರೀಕರಣ ಕೆರೆಯಂಗಳದಲ್ಲಿಯೇ ನಡೆಯುತ್ತದೆ. ಹಿಂಡು ಭರ್ರನೆ ಏಳುತ್ತದೆ, ಎರಡು ಸುತ್ತು ಹಾಕುತ್ತದೆ, ದೂರದಲ್ಲಿ ಇಳಿಯುತ್ತದೆ. ಒಂದು ಗರಿಯೂ ಉದುರಲಿಲ್ಲ. ನೋಡಿದವರಿಗೆ ಸಂತೋಷವೇ ಆಯಿತು. ಆದರೆ ದಿನಕ್ಕೆ ಹತ್ತು ಬಾರಿ ಹೀಗೆ ಎದ್ದ ಹಕ್ಕಿ ಕೂಡಿಸಿದ್ದನ್ನು ಇಲ್ಲಿಯೇ ಖರ್ಚು ಮಾಡಿ, ಸಾಲದ ಬುತ್ತಿಯೊಡನೆ ಹೊರಡುತ್ತದೆ. ಅದು ಎಲ್ಲಿ ಸೋತು ಇಳಿಯಿತು, ಯಾವ ಕಣಿವೆಯಲ್ಲಿ ಬಿದ್ದಿತು ಎಂಬುದಕ್ಕೆ ಸಾಕ್ಷಿಯಿಲ್ಲ.

‘ತಿಳಿಯದೆ ಮಾಡಿದ್ದು, ಸಂಕಲ್ಪವಿಲ್ಲದ ಮೇಲೆ ದೋಷವೆಲ್ಲಿ?’ ಎಂದು ಕೇಳಬಹುದು. ಆಕ್ಷೇಪ ಹಗುರವಾದುದಲ್ಲ. ಆದರೆ ತಿಳಿಯಲು ಸಾಧ್ಯವಿಲ್ಲದ ಅಜ್ಞಾನ ಬೇರೆ, ತಿಳಿಯಲು ಮನಸ್ಸಿಲ್ಲದ ಅಜ್ಞಾನ ಬೇರೆ. ಈರ್ಯಾಸಮಿತಿಯು ಮುನಿಗೆ ಮುಂದಿನ ನೆಲವನ್ನು ನೋಡಿ ನಡೆಯಲು ವಿಧಿಸಿದೆ. ನೋಡದೆ ನಡೆದು ‘ಕಾಣಲಿಲ್ಲ’ ಎನ್ನುವುದು ಅಲ್ಲಿ ಸಮಾಧಾನವಾಗುವುದಿಲ್ಲ. ಏಕೆಂದರೆ ನೋಡುವುದೇ ವ್ರತದ ಭಾಗ. ಇಂದು ಮನುಷ್ಯನ ನೋಟದ ಎಲ್ಲೆ ವಿಸ್ತರಿಸಿದೆ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತ ಬಂದಿದೆ. ವಲಸೆ ಹಕ್ಕಿಗಳು ಮೊದಲು ಕಂಡ ದಿನ, ಕೊನೆಗೆ ಕಂಡ ದಿನಗಳನ್ನು ಜನಸಾಮಾನ್ಯರಿಂದಲೇ ಸಂಗ್ರಹಿಸುವ ‘ಮೈಗ್ರೆಂಟ್‌ವಾಚ್’ ಎಂಬ ಕಾರ್ಯ ಬೆಂಗಳೂರಿನಲ್ಲಿ 2007ರಲ್ಲಿ ಆರಂಭವಾಯಿತು. ಸಾವಿರಾರು ಹವ್ಯಾಸಿಗಳ ದಾಖಲೆಗಳನ್ನು ಆಧರಿಸಿ 942 ಪ್ರಭೇದಗಳನ್ನು ಪರಿಶೀಲಿಸಿದ 2023ರ ‘ಭಾರತದ ಪಕ್ಷಿಗಳ ಸ್ಥಿತಿ’ ವರದಿಯು, ದೂರ ವಲಸೆ ಹೋಗುವ ತೀರಪಕ್ಷಿಗಳೂ ಬಾತುಗಳೂ ಗಣನೀಯವಾಗಿ ಕುಗ್ಗುತ್ತಿರುವುದನ್ನು ತೋರಿಸಿತು. ದಾಖಲೆಯ ನೈತಿಕ ಮಹತ್ವ ಇಲ್ಲಿದೆ: ಅದು ನಿನ್ನೆಯವರೆಗೆ ಕೇವಲ ಅಜ್ಞಾನವಾಗಿದ್ದುದನ್ನು ಇಂದಿನಿಂದ ಪ್ರಮಾದವನ್ನಾಗಿ ಮಾಡುತ್ತದೆ. ಶಾಸ್ತ್ರದಾನವೆಂದರೆ ಗ್ರಂಥವನ್ನು ಕೈಗಿಡುವುದಷ್ಟೇ ಅಲ್ಲ. ಕಾಣದಿದ್ದ ಜೀವವನ್ನು ಕಾಣುವಂತೆ ಮಾಡುವುದೂ ಹೌದು.

ಇಲ್ಲಿ ರೈತನ ಮಾತನ್ನೂ ನ್ಯಾಯವಾಗಿ ಕೇಳಬೇಕು. 2024ರಲ್ಲಿ ರಾಮ್ಸರ್ ತಾಣವೆಂದು ಮಾನ್ಯತೆ ಪಡೆದ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಹೆಬ್ಬಾತುಗಳು ಹಗಲಲ್ಲಿ ನೀರಿನಲ್ಲಿದ್ದು ಸಂಜೆಯಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಇಳಿಯುತ್ತವೆ. ತನ್ನ ಬೆಳೆಯನ್ನು ಉಳಿಸಿಕೊಳ್ಳಲು ತಗಡು ಬಡಿಯುವ ರೈತನದು ಉದ್ಯೋಗಕ್ಕೆ ಅಂಟಿದ ಅನಿವಾರ್ಯ ಹಿಂಸೆ. ಗೃಹಸ್ಥಧರ್ಮ ಅದರ ಅನಿವಾರ್ಯತೆಯನ್ನು ಬಲ್ಲದು. ವಿನೋದಕ್ಕಾಗಿ ಹಿಂಡನ್ನು ಎಬ್ಬಿಸುವವನಿಗೆ ಆ ವಿನಾಯಿತಿಯಿಲ್ಲ. ಹಕ್ಕಿಯನ್ನು ಓಡಿಸಿದ ರೈತನಿಗಿಂತ ಹಕ್ಕಿಯನ್ನು ‘ಪ್ರೀತಿಸುವ’ ಪ್ರವಾಸಿಯ ದೋಷವೇ ಹೆಚ್ಚೆಂಬ ನಿರ್ಣಯ ಕಹಿಯಾಗಿ ತೋರಿದರೂ ತಪ್ಪಲ್ಲ. ಹಕ್ಕಿಯ ಸೊಬಗು ಊರಿಗೆಲ್ಲ, ನಷ್ಟ ಮಾತ್ರ ಒಬ್ಬ ರೈತನಿಗೆ ಎಂಬ ವ್ಯವಸ್ಥೆಯೂ ಧರ್ಮವಲ್ಲ.

ಜೀವದಯೆಯೆಂದೊಡನೆ ಸಮಾಜದ ಮನಸ್ಸಿಗೆ ಮೊದಲು ಹೊಳೆಯುವುದು ಆಹಾರದಾನ. ರಾಜಸ್ಥಾನದ ಖೀಚನ್ ಗ್ರಾಮದಲ್ಲಿ ಕುರಜಾ ಎಂಬ ಬೂದುಬಣ್ಣದ ಕ್ರೌಂಚಗಳಿಗೆ ಜೈನ ಕುಟುಂಬಗಳು ದಶಕಗಳಿಂದ ಕಾಳು ಹಾಕುತ್ತ ಬಂದುದರಿಂದ ಸಾವಿರಾರು ಹಕ್ಕಿಗಳು ಅಲ್ಲಿ ನೆರೆಯುತ್ತವೆ. 2025ರಲ್ಲಿ ಆ ಗ್ರಾಮಕ್ಕೂ ರಾಮ್ಸರ್ ಮನ್ನಣೆ ದೊರೆಯಿತು. ಅದು ಸಮಾಜಕ್ಕೆ ಹೆಮ್ಮೆಯ ವಿಷಯವೇ ಸರಿ. ಆದರೆ ಭರಮಸಾಗರದ ಕೆಸರಿನಲ್ಲಿ ಕೊಕ್ಕಾಡಿಸುವ ಗೊರವಕ್ಕೆ ಕಾಳು ಬೇಡ. ಅದರ ಆಹಾರ ಹುಳು. ಅಹಿಂಸಾಣುವ್ರತಿಯು ಅದಕ್ಕೆ ಊಟ ಬಡಿಸಲಾರ. ದೆಹಲಿಯ ಲಾಲ್ ಮಂದಿರದ ಪಕ್ಷಿ ಚಿಕಿತ್ಸಾಲಯವೂ ಇದೇ ತೊಡಕನ್ನು ಎದುರಿಸಿ, ಮಾಂಸಾಹಾರಿ ಹಕ್ಕಿಗಳಿಗೆ ಔಷಧೋಪಚಾರವನ್ನು ನಿರಾಕರಿಸದೆ, ಅವನ್ನು ಒಳರೋಗಿಗಳಾಗಿ ಇರಿಸಿಕೊಳ್ಳದೆ ಹೊರರೋಗಿಗಳಾಗಿ ನೋಡುವ ಪದ್ಧತಿಯನ್ನು ಕಂಡುಕೊಂಡಿತು. ಬಡಿಸಲಾಗದ ಅತಿಥಿಗೆ ಉಳಿಯುವುದು ನಾಲ್ಕು ದಾನಗಳಲ್ಲಿ ಒಂದೇ: ಅಭಯದಾನ. ಅದರ ಅರ್ಥ ಕೊಡುವುದಲ್ಲ, ಅಡ್ಡ ಬಾರದಿರುವುದು.

ಈ ದೃಷ್ಟಿಯಿಂದ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಮತ್ತೊಮ್ಮೆ ನೆನೆಯಬೇಕು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊನೆಯದನ್ನು ಸಾಕಿದ ಪಶುವಿಗೆ ಮೇವು ನೀರು ತಪ್ಪಿಸುವುದೆಂದು ಅರ್ಥೈಸುವುದು ವಾಡಿಕೆ. ಕೆರೆಯಂಗಳವನ್ನು ಒತ್ತುವರಿ ಮಾಡಿದಾಗ, ಕಟ್ಟಡದ ಕಸವನ್ನು ಅಂಚಿನಲ್ಲಿ ಸುರಿದಾಗ, ಆಗುವುದೂ ಅದೇ ಅಲ್ಲವೇ? ಕೆರೆ ತುಂಬಿದೆಯೆಂದಷ್ಟಕ್ಕೆ ಹಕ್ಕಿಯ ಹೊಟ್ಟೆ ತುಂಬದು; ನಡುನೀರಿನ ಆಳ ಗೊರವಕ್ಕೆ ನಿಷ್ಪ್ರಯೋಜಕ. ಬೇಸಗೆಯ ಮುಖದಲ್ಲಿ ನೀರು ಹಿಂಜರಿದು ಬಿಡುವ ತೆಳುವಾದ ಕೆಸರಿನ ಪಟ್ಟಿಯೇ ಅದರ ಅನ್ನದ ತಟ್ಟೆ. ಬೀಳುಭೂಮಿಯೆಂದು ಮನುಷ್ಯ ಭಾವಿಸಿದ ಆ ಪಟ್ಟಿಯನ್ನು ಕಸಿದುಕೊಳ್ಳುವುದು ಅನ್ನಪಾನನಿರೋಧವೇ.

ಮೊದಲನೆಯ ಅತಿಚಾರವಾದ ಬಂಧದ ವಿಷಯದಲ್ಲಿಯೂ ಸಮಾಜ ಎಚ್ಚರಗೊಳ್ಳಬೇಕಾಗಿದೆ. ಹಕ್ಕಿಗಳು ಹೊರಡುವ ಚೈತ್ರದಲ್ಲಿಯೇ ಮಹಾವೀರ ಜಯಂತಿ ಬರುತ್ತದೆ. ಅಂದು ಪಂಜರದ ಗಿಳಿ, ರಾಟವಾಳಗಳನ್ನು ಹಣಕೊಟ್ಟು ಬಿಡಿಸಿ ಹಾರಿಬಿಡುವ ರೂಢಿ ಕೆಲವೆಡೆ ಇದೆ. ಭಾವ ನಿರ್ಮಲ, ಪರಿಣಾಮ ವಿಪರೀತ. ಕೊಳ್ಳುವವರಿದ್ದಾರೆಂದೇ ಬೇಟೆಗಾರ ಬಲೆ ಬೀಸುತ್ತಾನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದ ಈ ವ್ಯಾಪಾರಕ್ಕೆ ಶ್ರಾವಕನ ಹಣ ಪೋಷಣೆಯಾಗುತ್ತದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಲ್ಲಿ ಎರಡನೆಯದರಿಂದ ದೋಷ ಒಳನುಗ್ಗುತ್ತದೆ.

ಆದುದರಿಂದ ಬಸದಿಗಳ ಆಡಳಿತ ಮಂಡಳಿಗಳು ಯೋಚಿಸಬೇಕಾದ ಕಾರ್ಯಗಳು ದೊಡ್ಡವಲ್ಲ. ತಮ್ಮ ಕಲ್ಯಾಣಿ, ಕೆರೆಗಳ ಒಂದು ಅಂಚನ್ನಾದರೂ ಕಲ್ಲು ಕಟ್ಟದೆ ಮಣ್ಣಾಗಿಯೇ ಉಳಿಸುವುದು; ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನೀರಿನ ಬಳಿ ಪಟಾಕಿ, ಧ್ವನಿವರ್ಧಕಗಳನ್ನು ವರ್ಜಿಸುವುದು; ಪಂಜರದ ಹಕ್ಕಿ ಕೊಳ್ಳಲು ವ್ಯಯವಾಗುವ ಜೀವದಯಾ ನಿಧಿಯನ್ನು, ಹಕ್ಕಿ ಮೇದ ಹೊಲದ ರೈತನ ನಷ್ಟಕ್ಕೆ ಒದಗಿಸುವುದು; ಪಾಠಶಾಲೆಯ ಮಕ್ಕಳಿಗೆ ದೂರದಲ್ಲಿ ಕುಳಿತು ಸದ್ದಿಲ್ಲದೆ ಎಣಿಸುವುದನ್ನೂ, ಕೊನೆಯ ಹಿಂಡು ಕಂಡ ದಿನವನ್ನು ಬರೆದಿಡುವುದನ್ನೂ ಕಲಿಸುವುದು.

ಮನೆಯ ದನಕ್ಕೆ, ಬೀದಿಯ ನಾಯಿಗೆ ತೋರುವ ದಯೆಯಲ್ಲಿ ‘ನಮ್ಮದು’ ಎಂಬ ಮಮಕಾರದ ಎಳೆ ಬೆರೆತಿರಬಹುದು. ವಲಸೆಯ ಹಕ್ಕಿ ಯಾರದ್ದೂ ಅಲ್ಲ. ಅದು ಕೃತಜ್ಞತೆ ಹೇಳದು, ಮರಳಿ ಬಂದರೂ ಅದೇ ಹಕ್ಕಿಯೆಂದು ಗುರುತು ಸಿಕ್ಕದು. ಫಲ ಕಾಣದ ಹಿಂಸೆಗೆ ಮನುಷ್ಯ ಹೊಣೆಯಾಗುವಂತೆಯೇ ಫಲ ಕಾಣದ ದಯೆಗೂ ಅವನು ಅಧಿಕಾರಿಯಾಗುತ್ತಾನೆ. ಫಾಲ್ಗುಣದ ಒಂದು ಮುಂಜಾನೆ ಭರಮಸಾಗರದ ಏರಿಯ ಮೇಲೆ ನಿಂತು, ಕೆಳಗಿನ ಕೆಸರಿಗೆ ಇಳಿಯದೆ ಹಿಂದಿರುಗಿದ ಶ್ರಾವಕನಿಗೆ ಆ ದಿನದ ಅಭಯದಾನ ಸಂದಿತೆಂದೇ ತಿಳಿಯಬೇಕು.