ಗುರುಸ್ಥಾನ ಬದಲಾದಾಗ ಭಕ್ತನ ಕರ್ತವ್ಯ

ಗುರುವಿನಲ್ಲಿ ಭಕ್ತಿಯಿರಬೇಕೆಂಬುದು ಸರ್ವಮತಸಮ್ಮತವಾದ ಮಾತು. ಆದರೆ ಗುರುಸ್ಥಾನದಲ್ಲಿದ್ದವರು ತೆರಳಿ, ಅಲ್ಲಿಗೆ ಮತ್ತೊಬ್ಬರು ಬರುವಾಗ ಆ ಭಕ್ತಿಯು ಯಾವ ದಾರಿಯನ್ನು ಹಿಡಿಯಬೇಕು? ಹೋಗುವವರನ್ನು ಹಿಂಬಾಲಿಸಬೇಕೆ, ಬರುವವರ ಕಡೆಗೆ ತಿರುಗಬೇಕೆ? ಈ ಪ್ರಶ್ನೆಯು ಮಠಕ್ಕೂ ಉಂಟು, ಇಗರ್ಜಿಗೂ ಉಂಟು. ನೆರೆಮನೆಯ ದೀಪದ ಬೆಳಕಿನಲ್ಲಿ ತನ್ನ ಅಂಗಳವನ್ನು ನೋಡಿಕೊಳ್ಳುವುದು ದೋಷವಲ್ಲವಾದುದರಿಂದ, ಮೆಥೊಡಿಸ್ಟ್ ಕ್ರೈಸ್ತರ ನಡಾವಳಿಯೊಂದನ್ನು ಇಲ್ಲಿ ವಿಚಾರಿಸಬಹುದು.

ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನಲ್ಲಿ, ಆಂಧ್ರ ಮತ್ತು ತಮಿಳುನಾಡುಗಳ ಗಡಿಗೆ ಸಮೀಪವಾಗಿ ಕಾಮಸಮುದ್ರವೆಂಬ ಊರಿದೆ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಸೀಮೆಯದು. 1876-78ರ ಮಹಾಕ್ಷಾಮದ ಕಾಲದ ಅನಾಥ ಮಕ್ಕಳನ್ನು ಕೋಲಾರದಲ್ಲಿ ಸಾಕಿ ಸಲಹಿದ ಮಿಸ್ ಆನ್‌ಸ್ಟೇ ಎಂಬ ಆಂಗ್ಲ ಮಹಿಳೆಯು, 1890ರ ಸುಮಾರಿಗೆ ತಮ್ಮ ಕಾರ್ಯವನ್ನು ಅಮೆರಿಕದ ಮೆಥೊಡಿಸ್ಟರಿಗೆ ಒಪ್ಪಿಸಿದರು. 1910ರಲ್ಲಿ ಅದೇ ಕೋಲಾರದಲ್ಲಿ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯು ಪ್ರಾರಂಭವಾಯಿತು. ಹೀಗೆ ಈ ಸೀಮೆಯ ಮೆಥೊಡಿಸ್ಟ್ ಸಭೆಗಳ ಚರಿತ್ರೆಯೇ ಒಬ್ಬರು ಮತ್ತೊಬ್ಬರಿಗೆ ಒಪ್ಪಿಸಿಕೊಟ್ಟುದರಿಂದ ಮೊದಲಾಗುತ್ತದೆ.

ಮೆಥೊಡಿಸ್ಟ್ ಸಭೆಯ ಪಾಲಕರು ವಂಶಪಾರಂಪರ್ಯದಿಂದ ಬರುವವರಲ್ಲ. ಊರವರು ಆರಿಸಿಕೊಳ್ಳುವವರೂ ಅಲ್ಲ. ವಾರ್ಷಿಕ ಸಮ್ಮೇಳನದಲ್ಲಿ ಬಿಷಪ್ಪರು ಅವರನ್ನು ಇಂಥ ಊರಿಗೆಂದು ನೇಮಿಸುತ್ತಾರೆ. ಆದುದರಿಂದ ಪಾಲಕರು ಎಷ್ಟೇ ಪ್ರೀತಿಪಾತ್ರರಾದರೂ ಒಂದು ದಿನ ಪೆಟ್ಟಿಗೆ ಕಟ್ಟಲೇಬೇಕು. ಈ ನಿಯಮದ ಮೂಲವು 18ನೆಯ ಶತಮಾನದ ಜಾನ್ ವೆಸ್ಲಿಯಲ್ಲಿದೆ. ಒಬ್ಬನೇ ಬೋಧಕನಲ್ಲಿ ಒಂದು ಸಭೆಗೆ ಬೇಕಾದ ಎಲ್ಲ ಗುಣಗಳೂ ಇರಲಾರವೆಂಬುದು ಆತನ ನಿಶ್ಚಯ. ತಾನೇ ಒಂದು ವರುಷ ಒಂದೇ ಸ್ಥಳದಲ್ಲಿ ಬೋಧಿಸಿದರೆ ಕೇಳುವವರೂ ತಾನೂ ನಿದ್ದೆಹೋಗುವೆವೆಂದು ಆತನು ಪತ್ರವೊಂದರಲ್ಲಿ ಒಪ್ಪಿಕೊಂಡನು. 1784ರಲ್ಲಿ ತನ್ನ ಅನಂತರದ ವ್ಯವಸ್ಥೆಯನ್ನು ಮಾಡುವಾಗ ಒಬ್ಬನನ್ನು ಉತ್ತರಾಧಿಕಾರಿಯನ್ನಾಗಿ ಮಾಡದೆ 100 ಬೋಧಕರ ಸಮ್ಮೇಳನಕ್ಕೆ ಅಧಿಕಾರವನ್ನು ವಹಿಸಿದನು. 1791ರಲ್ಲಿ ಆತನು ತೀರಿಕೊಂಡ ಮೇಲೆ ಆ ಸಮ್ಮೇಳನವು ತನ್ನ ಅಧ್ಯಕ್ಷನನ್ನೂ ಒಂದೊಂದು ವರುಷಕ್ಕೆ ಮಾತ್ರ ಆರಿಸಿತು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಪಾಲಕನೆಂದರೆ ಕಚೇರಿಯ ಗುಮಾಸ್ತನೆ? ಮಗನನ್ನು ಕಳೆದುಕೊಂಡ ತಾಯಿ ಆತನ ಮುಂದೆ ಅತ್ತಿರುತ್ತಾಳೆ. ಕುಡಿತವನ್ನು ಬಿಡಲು ಹೆಣಗುವವನು ಯಾರಿಗೂ ಹೇಳದ ಸೋಲನ್ನು ಆತನಿಗೆ ಹೇಳಿಕೊಂಡಿರುತ್ತಾನೆ. ಆ ಗುಟ್ಟನ್ನು ಬಲ್ಲವನು ಹೊರಟುಹೋದರೆ ಹೊಸಬನಿಗೆ ಮತ್ತೆ ಮೊದಲಿನಿಂದ ಹೇಳುವ ಧೈರ್ಯವು ಎಲ್ಲಿಂದ ಬರಬೇಕು? ಈ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಬದಲಾವಣೆಯಲ್ಲಿ ನಷ್ಟವುಂಟು, ಆ ನಷ್ಟವನ್ನು ಹೊರುವವರು ಬಹುಮಟ್ಟಿಗೆ ದುರ್ಬಲರೇ.

ಹಾಗಾದರೆ ಒಪ್ಪಿಸತಕ್ಕುದು ಯಾವುದು, ಒಪ್ಪಿಸಬಾರದುದು ಯಾವುದು? ಕಾಮಸಮುದ್ರಕ್ಕೆ ಸಮೀಪದ ಕೋಲಾರದ ಚಿನ್ನದ ಗಣಿಗಳನ್ನು ನೆನೆಯಬಹುದು. 2001ರ ಫೆಬ್ರವರಿ 28ರಂದು ಮುಚ್ಚುವವರೆಗೆ ಅಲ್ಲಿ ಪಾಳಿಯ ಮೇಲೆ ಪಾಳಿ ಕೆಲಸ ನಡೆಯಿತು. ಚಾಂಪಿಯನ್ ರೀಫ್ ಗಣಿಯು 3 ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿತ್ತು. ಅಂಥ ಆಳದಿಂದ ಮೇಲೆ ಬರುವವನು ಕೆಳಗಿಳಿಯುವವನಿಗೆ, ಬಂಡೆ ಎಲ್ಲಿ ಸಡಿಲವಾಗಿದೆಯೆಂಬುದನ್ನು ಹೇಳದಿದ್ದರೆ ಜೀವಕ್ಕೇ ಅಪಾಯ. ಸಭೆಯನ್ನು ಬಿಡುವ ಪಾಲಕನ ಧರ್ಮವೂ ಅಂಥದೇ. ಯಾರು ಹಾಸಿಗೆ ಹಿಡಿದಿದ್ದಾರೆ, ಯಾವ ಮನೆಯಲ್ಲಿ ಒಲೆ ಹೊತ್ತುವುದು ಕಷ್ಟವಾಗಿದೆ ಎಂಬುದನ್ನು ಹೇಳಿಹೋಗಬೇಕು. ಆದರೆ ನಂಬಿ ಹೇಳಿದ ಗುಟ್ಟನ್ನು ತನ್ನೊಡನೆಯೇ ಒಯ್ಯಬೇಕು. ಹೊಸಬರ ಕಿವಿಯಲ್ಲಿ ತನ್ನ ಹಳೆಯ ಜಗಳಗಳನ್ನು ಊದಬಾರದು. ಹೋದ ಮೇಲೆ ಹಳೆಯ ಮನೆಗಳಿಗೆ ಬಂದು ಹೊಸಬರ ಮೇಲಿನ ದೂರುಗಳಿಗೆ ಕಿವಿಗೊಡಬಾರದು.

ಇನ್ನು ಭಕ್ತರ ವಿಷಯ. ಶಾಖಾಚಂದ್ರ ನ್ಯಾಯವೆಂದು ಶಾಸ್ತ್ರಕಾರರು ಹೇಳುವುದುಂಟು. ಬಿದಿಗೆಯ ಚಂದ್ರನನ್ನು ಕಾಣಿಸುವವನು ಮೊದಲು ಮರದ ಕೊಂಬೆಯನ್ನು ತೋರಿಸಿ, ಅದರ ತುದಿಯಲ್ಲಿ ನೋಡು ಎನ್ನುತ್ತಾನೆ. ಕೊಂಬೆಯಿಲ್ಲದೆ ಚಂದ್ರನು ಕಾಣುತ್ತಿರಲಿಲ್ಲ. ಆದುದರಿಂದ ಕೊಂಬೆಗೆ ಕೃತಜ್ಞತೆ ಸಲ್ಲಬೇಕು. ಆದರೆ ಕೊಂಬೆಯನ್ನೇ ನೋಡುತ್ತ ನಿಂತವನಿಗೆ ಚಂದ್ರದರ್ಶನವಾಗಲಿಲ್ಲ. ಶರಣರು ಜಂಗಮವೆಂಬ ಚಲಿಸುವ ತತ್ತ್ವವನ್ನು ಅಷ್ಟು ಎತ್ತರದಲ್ಲಿ ಇರಿಸಿದುದರ ಒಂದು ಮರ್ಮವೂ ಇದೇ. ಚಲಿಸುವುದನ್ನು ಹಿಡಿದು ಕಟ್ಟಿಹಾಕಿದರೆ ಅದು ಸ್ಥಾವರವಾಗುತ್ತದೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 1988ರಲ್ಲಿಯೇ ಉತ್ತರಾಧಿಕಾರಿಗಳನ್ನು ನಿಯಮಿಸಿದರು. ತಾವು ಲಿಂಗೈಕ್ಯರಾದುದು 2019ರ ಜನವರಿ 21ರಂದು. ಪ್ರೀತಿಯ ಗುರುವನ್ನು ಕಳೆದುಕೊಂಡ ಲಕ್ಷಾಂತರ ಜನ ಕಣ್ಣೀರಿಟ್ಟರು. ಆದರೂ ದಾಸೋಹವು ನಿಲ್ಲಲಿಲ್ಲ. ಕಣ್ಣೀರೂ ದಾಸೋಹವೂ ಪರಸ್ಪರ ವಿರೋಧಿಗಳಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಹೊಸ ಪಾಲಕರನ್ನು ಎದುರುಗೊಳ್ಳುವ ಸಭೆಯು ಮನೆಗೆ ಸುಣ್ಣ ಬಳಿದು, ಹಾರ ತಂದಿಟ್ಟ ಮಾತ್ರಕ್ಕೆ ಸಿದ್ಧವಾಯಿತೆನ್ನಲಾಗದು. ಹಳಬರ ಅಳತೆಗೋಲಿನಿಂದ ಹೊಸಬರನ್ನು ಮೊದಲ ದಿನವೇ ಅಳೆಯದಿರುವುದು ಒಂದು ಸಿದ್ಧತೆ. ಅದಕ್ಕಿಂತ ದೊಡ್ಡದು ಮತ್ತೊಂದಿದೆ. ಮಗನನ್ನು ಕಳೆದುಕೊಂಡ ತಾಯಿಯ ದುಃಖವನ್ನು ಬಲ್ಲವನು ಪಾಲಕನೊಬ್ಬನೇ ಆಗಿದ್ದರೆ, ಆಕೆಯ ನೆರೆಹೊರೆಯವರು ಇಷ್ಟು ದಿನ ಮಾಡಿದುದೇನು? ಪಾಲಕರು ಬದಲಾಗಬಹುದು, ನೆರೆಮನೆ ಬದಲಾಗುವುದಿಲ್ಲ. ಕಷ್ಟದಲ್ಲಿರುವವರ ನೆನಪನ್ನು ಊರೇ ಹೊತ್ತುಕೊಂಡರೆ, ಹೋಗುವವರು ನಿಶ್ಚಿಂತೆಯಿಂದ ಹೋಗುವರು, ಬರುವವರು ಧೈರ್ಯದಿಂದ ಬರುವರು. ಗುರುವು ಎಷ್ಟು ಬೋಧಿಸಿದನೆಂಬುದು ಆತನಿದ್ದಾಗ ಕಿವಿಗೆ ತಿಳಿಯುತ್ತದೆ. ಭಕ್ತನು ಎಷ್ಟು ಕಲಿತನೆಂಬುದು ಆತನು ಹೋದ ಮರುದಿನ ನೆರೆಮನೆಯ ಬಾಗಿಲಲ್ಲಿ ತಿಳಿಯುತ್ತದೆ.