ದೇಶವ್ರತವೂ ದಾರಿಯ ಎಲ್ಲೆಯೂ

ಹತ್ತು ದಿಕ್ಕುಗಳಲ್ಲಿ ಇಷ್ಟು ದೂರವನ್ನು ಮೀರಿ ಹೋಗೆನೆಂದು ಜೀವನಪರ್ಯಂತ ಮಾಡಿಕೊಳ್ಳುವ ನಿಯಮವೇ ದಿಗ್ವ್ರತ. ಅದರೊಳಗೆ ಒಂದು ದಿನಕ್ಕೋ ಒಂದು ಪಕ್ಷಕ್ಕೋ ಊರು, ಹೊಳೆ, ಹೊಲಗಳನ್ನು ಗುರುತಾಗಿಟ್ಟುಕೊಂಡು ಎಲ್ಲೆಯನ್ನು ಇನ್ನಷ್ಟು ಕಿರಿದುಗೊಳಿಸುವುದು ದೇಶವ್ರತ. ಮನೆಯಲ್ಲಿ ಕುಳಿತವನಿಗೆ ಇದು ಸುಲಭವಾಗಿ ತೋರುತ್ತದೆ. ನಡೆಯುವವನಿಗೆ ಮಾತ್ರ ಇದರ ಬೆಲೆ ತಿಳಿಯುತ್ತದೆ.

ಮಾವಳ್ಳಿಯ ಶ್ರಾವಕನೊಬ್ಬನು ಮಿತ್ರನೊಡನೆ ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಒಂದು ದಿನದ ಕಾಲ್ನಡಿಗೆಗೆ ಹೊರಟನೆಂದು ಭಾವಿಸಬಹುದು. ಕೃಷ್ಣರಾಜಸಾಗರದ ನೀರನ್ನು ಗದ್ದೆಗಳಿಗೆ ಉಣಿಸುವ ಈ ನಾಲೆಗೆ ಮೊದಲು ಇರ್ವಿನ್ ನಾಲೆಯೆಂದು ಹೆಸರಿತ್ತು. ಹುಲಿಕೆರೆಯಲ್ಲಿ ಅದು ಸುರಂಗವನ್ನು ಹೊಗುತ್ತದೆ. ಸುರಂಗಕ್ಕೆ ಈಚೆಯ ಒಂದು ಸೇತುವೆಯೇ ಆ ದಿನದ ತನ್ನ ಎಲ್ಲೆಯೆಂದು ಶ್ರಾವಕನು ಬೆಳಿಗ್ಗೆ ಸಂಕಲ್ಪಿಸಿದ್ದಾನೆ.

ಮೊದಲ ಪಾಠ ಹೆಗಲಿನದು. ಬೇಕಾದೀತೆಂದು ತುಂಬಿದ ಚೀಲ ಹೊತ್ತು ಏರಿದಂತೆ ಭಾರವಾಗುತ್ತದೆ. ಪಿಂಛಿ, ಕಮಂಡಲು, ಶಾಸ್ತ್ರಗಳಷ್ಟರಿಂದಲೇ ಮುನಿಗಳು ನಾಡೆಲ್ಲ ವಿಹರಿಸುತ್ತಾರೆ. ಭಾರ ಹೊತ್ತವನ ಕಣ್ಣು ದೂರದ ನೆರಳನ್ನು ಅರಸುತ್ತದೆ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡಬೇಕೆಂಬ ಈರ್ಯಾಸಮಿತಿಯನ್ನು ಮರೆಯುತ್ತದೆ. ಏರಿಯ ಹುಲ್ಲಿನ ಇರುವೆ ಕಪ್ಪೆಗಳಿಗೆ ಆ ಮರೆವೇ ಮೃತ್ಯು. ಹೀಗೆ ಪರಿಗ್ರಹವು ಹಿಂಸೆಗೆ ಹಾದಿಯಾಗುತ್ತದೆ.

ಎರಡನೆಯ ಪಾಠ ಸಂಜೆಯದು. ಮಿತ್ರನು ಸ್ನೇಹದಿಂದ ಚೀಲವನ್ನು ತಾನೇ ಹೊತ್ತು, ಸುರಂಗ ನೋಡುವ ಆಸೆಯಿಂದ ಸೇತುವೆ ದಾಟಿ ಹೋಗಿದ್ದಾನೆ. ಕಾಯಿಸಿದ ನೀರೂ ಸೋಸುವ ಬಟ್ಟೆಯೂ ಅದರಲ್ಲಿವೆ. ಸೂರ್ಯಾಸ್ತಕ್ಕೆ ಸ್ವಲ್ಪವೇ ಕಾಲವಿದೆ. ಪಕ್ಕದಲ್ಲಿ ನಾಲೆ ತುಂಬಿ ಹರಿಯುತ್ತಿದ್ದರೂ ಸೋಸದ ನೀರನ್ನು ಶ್ರಾವಕನು ಕುಡಿಯುವಂತಿಲ್ಲ. ಚೀಲ ತರಿಸಿಕೊಂಡರೆ ಆನಯನ; ದನ ಕಾಯುವ ಹುಡುಗನನ್ನು ಅಟ್ಟಿದರೆ ಪ್ರೇಷ್ಯಪ್ರಯೋಗ; ಕೆಮ್ಮಿ ಕರೆದರೆ ಶಬ್ದಾನುಪಾತ; ಕೈಬೀಸಿ ತೋರಿಸಿಕೊಂಡರೆ ರೂಪಾನುಪಾತ; ಹರಳೆಸೆದು ಎಚ್ಚರಿಸಿದರೆ ಪುದ್ಗಲಕ್ಷೇಪ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ಐದೂ ದೇಶವ್ರತದ ಅತಿಚಾರಗಳೆಂದು ಹೇಳಲ್ಪಟ್ಟಿವೆ. ಕಾಲು ನಿಂತಿದ್ದರೂ ಇಚ್ಛೆಯು ಅನ್ಯರ ಕಾಲಿನಿಂದ ಎಲ್ಲೆ ದಾಟಿತಲ್ಲವೆ? ಆದುದರಿಂದ ಅವನು ಸುಮ್ಮನೆ ಸಾಮಾಯಿಕಕ್ಕೆ ಕುಳಿತುಕೊಳ್ಳುವನು. ಆ ರಾತ್ರಿಯ ಬಾಯಾರಿಕೆಯೇ ವ್ರತದ ನಿಜವಾದ ಅಳತೆ.

ಆದರೆ ಆ ಹುಡುಗನೇ ಎಲ್ಲೆಯಾಚೆ ನೀರಿಗೆ ಜಾರಿದರೆ? ಇದು ಬರಿಯ ತರ್ಕವಲ್ಲ. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಬಿದ್ದು 30 ಜನರು ಪ್ರಾಣ ಕಳೆದುಕೊಂಡರು. ಅಂಥ ಗಳಿಗೆಯಲ್ಲಿ ಸೇತುವೆಯ ಮೇಲೆ ಸುಮ್ಮನೆ ನಿಲ್ಲುವುದು ವ್ರತಪಾಲನೆಯೆನಿಸಲಾರದು. ಎಲ್ಲೆಯನ್ನು ಹಾಕಿಕೊಂಡದ್ದು ತನ್ನ ಪ್ರಯೋಜನಕ್ಕಾಗಿ ಅಲೆಯುವ ಇಚ್ಛೆಗೆ, ಅನುಕಂಪೆಗೆ ಅಲ್ಲ. ಅಹಿಂಸೆಯೆಂಬ ಪೈರಿಗೆ ಉಳಿದ ವ್ರತಗಳು ಬೇಲಿಯಂತೆ; ಪೈರು ನಾಶವಾಗುತ್ತಿರುವಾಗ ಬೇಲಿಯನ್ನು ಕಾದು ಫಲವೇನು? ಅವನು ಕೂಗಬೇಕು, ಓಡಬೇಕು. ಅನಂತರ ಗುರುಗಳ ಸನ್ನಿಧಿಯಲ್ಲಿ ಆಲೋಚನೆ ಮಾಡಿ, ಅವರು ವಿಧಿಸುವ ಪ್ರಾಯಶ್ಚಿತ್ತವನ್ನು ವಿನಯದಿಂದ ಸ್ವೀಕರಿಸಬೇಕು.

ಇಲ್ಲಿಯೂ ಒಂದು ಎಚ್ಚರ ಅವಶ್ಯ. ತನ್ನ ಬಾಯಾರಿಕೆಯನ್ನೇ ಪರೋಪಕಾರವೆಂದು ವೇಷ ಹಾಕಿಸುವುದರಲ್ಲಿ ಮನಸ್ಸು ಬಹು ಚತುರ. ಹೊರಗೆ ಎರಡು ಕೂಗೂ ಒಂದೇ ರೀತಿ ಕೇಳಿಸುತ್ತವೆ, ಭೇದವಿರುವುದು ಭಾವದಲ್ಲಿ. ಎಲ್ಲೆ ದಾಟಿದ್ದರಿಂದ ತನಗೆ ದೊರೆತದ್ದೇನು ಎಂದು ಪ್ರತಿಕ್ರಮಣದ ವೇಳೆ ಶ್ರಾವಕನು ಕೇಳಿಕೊಳ್ಳಲಿ. ಪ್ರಾಮಾಣಿಕವಾದ ಆ ಉತ್ತರವೇ ಅವನ ವ್ರತವನ್ನು ಕಾಯುವುದು.