ಕಾಫಿ ಆರುವುದರೊಳಗೆ

ಕಳೆದುಹೋದ ಕಾಲಕ್ಕೆ ಮರಳುವ ಅವಕಾಶ ಸಿಕ್ಕರೆ ಏನು ಮಾಡುತ್ತೀರಿ ಎಂದು ಯಾರನ್ನಾದರೂ ಕೇಳಿ ನೋಡಿ. ಹೆಚ್ಚಿನವರು ಯಾವುದೋ ಒಂದು ತಪ್ಪನ್ನು ತಿದ್ದುವ ಮಾತಾಡುತ್ತಾರೆ. ಆಡಿದ ಮಾತನ್ನು ನುಂಗಿಕೊಳ್ಳುತ್ತಿದ್ದೆ, ಹೊರಟವರನ್ನು ತಡೆಯುತ್ತಿದ್ದೆ ಎನ್ನುತ್ತಾರೆ. ಈಗ ಒಂದು ಷರತ್ತು ಸೇರಿಸೋಣ. ನೀವು ಹೋಗಬಹುದು, ನೋಡಬಹುದು, ಮಾತಾಡಬಹುದು. ಆದರೆ ಅಲ್ಲಿ ಏನು ಮಾಡಿದರೂ ಇಂದಿನ ಸ್ಥಿತಿ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಸತ್ತವರು ಸತ್ತೇ ಇರುತ್ತಾರೆ, ಮುರಿದದ್ದು ಮುರಿದೇ ಇರುತ್ತದೆ. ಆಗಲೂ ಹೋಗುತ್ತೀರಾ?

ಈ ವಿಚಿತ್ರ ಷರತ್ತಿನ ಮೇಲೆಯೇ ನಿಂತ ಜಪಾನೀ ಚಿತ್ರವೊಂದಿದೆ. ಅದರ ಜಪಾನೀ ಹೆಸರಿಗೆ 'ಕಾಫಿ ಆರುವುದರೊಳಗೆ' ಎಂದರ್ಥ. ಹೊರದೇಶಗಳಲ್ಲಿ ಅದು 'ಕೆಫೆ ಫುನಿಕುಲಿ ಫುನಿಕುಲಾ' ಎಂದು ಪರಿಚಿತ. ತೊಷಿಕಾಝು ಕವಾಗುಚಿ ಮೊದಲು ನಾಟಕವಾಗಿ ಬರೆದು 2015ರಲ್ಲಿ ಕಾದಂಬರಿಯಾಗಿ ಪ್ರಕಟಿಸಿದ ಕಥೆಯನ್ನು ನಿರ್ದೇಶಕಿ ಅಯುಕೊ ತ್ಸುಕಹಾರಾ 2018ರಲ್ಲಿ ತೆರೆಗೆ ತಂದರು. ಕಾಲಯಾನವೆಂದರೆ ಯಂತ್ರ, ಓಟ, ಸ್ಫೋಟ ಎಂದುಕೊಂಡವರಿಗೆ ಇಲ್ಲಿ ನಿರಾಸೆ ಖಂಡಿತ. ಇಲ್ಲಿರುವುದು ಹಳೆಯದೊಂದು ಕಾಫಿ ಅಂಗಡಿ, ಅದರಲ್ಲೊಂದು ಕುರ್ಚಿ, ಕಾಫಿ ಬಗ್ಗಿಸಿ ಕೊಡುವ ಕಾಝು ಎಂಬ ಯುವತಿ. ಆ ಕುರ್ಚಿಯಲ್ಲಿ ಕುಳಿತವರು ಬಯಸಿದ ಕಾಲಕ್ಕೆ ಹೋಗಬಹುದು. ಆದರೆ ಕುರ್ಚಿ ಬಿಟ್ಟು ಏಳುವಂತಿಲ್ಲ. ಭೇಟಿಯಾಗಬಹುದಾದವರು ಎಂದಾದರೂ ಆ ಅಂಗಡಿಗೆ ಬಂದವರಷ್ಟೇ. ಬಟ್ಟಲಿನ ಕಾಫಿ ಆರುವುದರೊಳಗೆ ಕುಡಿದು ಮುಗಿಸಿ ಹಿಂದಿರುಗಬೇಕು. ತಪ್ಪಿದರೆ ಪ್ರೇತವಾಗಿ ಅದೇ ಕುರ್ಚಿಗೆ ಅಂಟಿಕೊಳ್ಳಬೇಕು. ಹಾಗೆ ಅಂಟಿಕೊಂಡ ಹೆಂಗಸೊಬ್ಬಳು ಅಲ್ಲಿ ದಿನವಿಡೀ ಪುಸ್ತಕ ಓದುತ್ತಾ ಕುಳಿತಿರುತ್ತಾಳೆ. ಅವಳು ಎದ್ದುಹೋದಾಗ ಮಾತ್ರ ಬೇರೆಯವರಿಗೆ ಅವಕಾಶ.

ನಿಯಮಗಳು ಇಷ್ಟು ಬಿಗಿಯಾದ ಮೇಲೆ ಹೋಗುವವರು ಯಾರು ಎಂದು ಕೇಳಬಹುದು. ಒಬ್ಬ ಗಂಡ ಹೋಗುತ್ತಾನೆ. ಅವನ ಹೆಂಡತಿಗೆ ಚಿಕ್ಕ ವಯಸ್ಸಿನಲ್ಲೇ ಆಲ್ಝೈಮರ್ ಕಾಯಿಲೆ. ಅವಳು ಗಂಡನನ್ನೇ ಗುರುತಿಸಲಾರಳು. ವೃತ್ತಿಯಿಂದ ಶುಶ್ರೂಷಕನಾದ ಆತ ಅಪರಿಚಿತನಂತೆಯೇ ಅವಳನ್ನು ನೋಡಿಕೊಳ್ಳುತ್ತಿದ್ದಾನೆ. (ಕಾದಂಬರಿಯಲ್ಲಿ ಇದು ತಿರುವುಮುರುವು: ಕಾಯಿಲೆ ಗಂಡನಿಗೆ, ದಾದಿ ಹೆಂಡತಿ.) ಕೈಗೆ ತಲುಪದೇ ಉಳಿದ ಪತ್ರವೊಂದರಲ್ಲಿ ರೋಗಿಯ ಬೇಡಿಕೆ ಇರುತ್ತದೆ. ಅದರ ತಿರುಳು ಇಷ್ಟೇ: ನನಗೆ ಶುಶ್ರೂಷೆ ಬೇಡ, ಸಂಗಾತಿ ಬೇಕು. ಕರ್ತವ್ಯದ ಮರೆಯಲ್ಲಿ ನಿಂತು ಪ್ರೀತಿಯ ನೋವಿನಿಂದ ತಪ್ಪಿಸಿಕೊಳ್ಳುವವರನ್ನು ನಾವು ನಮ್ಮ ನಡುವೆಯೂ ಕಂಡಿದ್ದೇವೆ. ಪತ್ರ ಓದಿದ ಮೇಲೂ ರೋಗ ಹಾಗೆಯೇ ಇರುತ್ತದೆ. ಹಾಸಿಗೆಯ ಪಕ್ಕ ಕೂರುವವನ ಕೂರುವ ರೀತಿ ಬೇರೆಯಾಗುತ್ತದೆ.

ಆದರೆ ನಮ್ಮನ್ನು ನಿಜಕ್ಕೂ ತೊಡಕಿಗೆ ಸಿಲುಕಿಸುವುದು ಇನ್ನೊಂದು ಪ್ರಸಂಗ. ಹಿರಾಯಿ ಎಂಬ ಹೆಂಗಸು ಸೆಂಡೈಯಲ್ಲಿದ್ದ ಮನೆತನದ ವಸತಿಗೃಹದ ಹೊಣೆ ಬೇಡವೆಂದು ಊರು ಬಿಟ್ಟು ಬಂದು ಪುಟ್ಟದೊಂದು ಬಾರ್ ನಡೆಸುತ್ತಿದ್ದಾಳೆ. ತಾನು ಹೊರಬೇಕಿದ್ದ ಭಾರ ತಂಗಿ ಕುಮಿಯ ಹೆಗಲೇರಿತಲ್ಲ, ಅವಳು ತನ್ನನ್ನು ಶಪಿಸುತ್ತಿರಬೇಕು ಎಂಬುದು ಇವಳ ಎಣಿಕೆ. ಹಾಗಾಗಿ ತಂಗಿ ಹುಡುಕಿಕೊಂಡು ಬಂದಾಗಲೆಲ್ಲ ಕಣ್ಣು ತಪ್ಪಿಸುತ್ತಾಳೆ. ಹಾಗೆ ಬಂದು ಬರಿಗೈಯಲ್ಲಿ ಮರಳಿದ ಕುಮಿ ಒಮ್ಮೆ ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿ ಸಾಯುತ್ತಾಳೆ.

ಹಿರಾಯಿ ಆ ಕುರ್ಚಿಯಲ್ಲಿ ಕುಳಿತು ತಂಗಿಯ ಎದುರಾಗುತ್ತಾಳೆ. ಅಲ್ಲಿ ತಿಳಿಯುವುದೇನೆಂದರೆ, ಕುಮಿಗೆ ಅಕ್ಕನ ಮೇಲೆ ಮುನಿಸೇ ಇರಲಿಲ್ಲ. ಇಬ್ಬರೂ ಸೇರಿ ವಸತಿಗೃಹ ನಡೆಸಬೇಕು ಎಂಬುದು ಅವಳ ಕನಸಾಗಿತ್ತು. ಹಿರಾಯಿ ಬರುತ್ತೇನೆ ಎಂದು ಮಾತು ಕೊಡುತ್ತಾಳೆ. ತಂಗಿಯ ಮುಖ ಅರಳುತ್ತದೆ.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕಾಗಿದೆ. ಎದುರಿಗಿರುವವಳು ಸಾಯಲಿದ್ದಾಳೆ ಎಂದು ಹಿರಾಯಿಗೆ ಗೊತ್ತು, ಆಕೆಗೆ ಗೊತ್ತಿಲ್ಲ. ಇಬ್ಬರೂ ಒಟ್ಟಿಗೆ ವಸತಿಗೃಹ ನಡೆಸುವ ದಿನ ಬರಲಾರದು ಎಂದೂ ಹಿರಾಯಿಗೆ ಗೊತ್ತು. ಹಾಗಿದ್ದೂ ಕೊಟ್ಟ ಮಾತು ಸುಳ್ಳೇ? ಸಾಯುವವರ ಸಮಾಧಾನಕ್ಕೆ ಆಡುವ ಸವಿಸುಳ್ಳುಗಳ ಸಾಲಿಗೆ ಇದೂ ಸೇರುತ್ತದೆಯೇ? ಆ ಕ್ಷಣಕ್ಕಷ್ಟೇ ನೋಡಿದರೆ ಹೌದು ಎನ್ನಬೇಕಾಗುತ್ತದೆ. ಆದರೆ ಹಿರಾಯಿ ಮರಳಿದ ಮೇಲೆ ಬಾರ್ ಬಿಟ್ಟು ಸೆಂಡೈಗೆ ಹೊರಡುತ್ತಾಳೆ, ವಸತಿಗೃಹವನ್ನು ವಹಿಸಿಕೊಳ್ಳುತ್ತಾಳೆ. ಮಾತು ಪಡೆದವಳು ಕೇಳುವುದಕ್ಕಿಲ್ಲ, ತಪ್ಪಿದರೆ ದೂರುವವರಿಲ್ಲ. ಹಾಗಿದ್ದೂ ಅದನ್ನು ನಡೆಸಿಕೊಡುವುದರಿಂದ, ಆಡಿದಾಗ ಅರ್ಧ ಸುಳ್ಳಾಗಿದ್ದ ಮಾತು ಆಮೇಲೆ ನಿಜವಾಗತೊಡಗುತ್ತದೆ. ಗತಕಾಲದ ಘಟನೆ ಬದಲಾಗಲಿಲ್ಲ ನಿಜ. ಆ ಘಟನೆ ಏನಾಗಿತ್ತು ಎಂಬುದು ಮಾತ್ರ ಈಗ ತೀರ್ಮಾನವಾಗುತ್ತಿದೆ.

ನಾಝಿಗಳಿಂದ ತಪ್ಪಿಸಿಕೊಂಡು ಅಮೆರಿಕಾ ಸೇರಿದ ಚಿಂತಕಿ ಹನ್ನಾ ಅರೆಂಟ್ 1958ರ 'ದಿ ಹ್ಯೂಮನ್ ಕಂಡಿಶನ್' ಗ್ರಂಥದಲ್ಲಿ ಮನುಷ್ಯನ ಕ್ರಿಯೆಗಿರುವ ಎರಡು ಸಂಕಟಗಳನ್ನು ಗುರುತಿಸುತ್ತಾರೆ. ಮಾಡಿದ್ದನ್ನು ಹಿಂದಕ್ಕೆ ಪಡೆಯಲಾಗದು, ಅದರ ಪರಿಣಾಮವನ್ನು ಮುಂಗಾಣಲಾಗದು. ಮೊದಲನೆಯದಕ್ಕೆ ಕ್ಷಮೆ, ಎರಡನೆಯದಕ್ಕೆ ವಾಗ್ದಾನ ಅವರು ಸೂಚಿಸುವ ಪರಿಹಾರ. ಎರಡಕ್ಕೂ ಇನ್ನೊಬ್ಬರು ಬೇಕು, ಏಕಾಂತದಲ್ಲಿ ಅವು ನಡೆಯಲಾರವು ಎಂಬುದು ಅವರ ನಿಲುವು. ಹಿರಾಯಿಗೆ ಆ ಇನ್ನೊಬ್ಬರು ಸಿಕ್ಕದ್ದು ಮಾಯದ ಕುರ್ಚಿಯ ದೆಸೆಯಿಂದ. ಅಂಥ ಕುರ್ಚಿ ಇಲ್ಲದವರು ಏನು ಮಾಡಬೇಕು?

ಜಪಾನಿನಲ್ಲೇ ಇದಕ್ಕೆ ಸಿಕ್ಕಿದ ಒಂದು ಉತ್ತರವಿದೆ. ಇವಾತೆ ಪ್ರಾಂತದ ಒತ್ಸುಚಿ ಊರಿನಲ್ಲಿ ತೋಟವೊಂದರೊಳಗೆ ಬಿಳಿ ಬಣ್ಣದ ಟೆಲಿಫೋನ್ ಬೂತ್ ನಿಂತಿದೆ. ಒಳಗಿನ ಫೋನಿಗೆ ತಂತಿಯ ಸಂಪರ್ಕವಿಲ್ಲ. ತೀರಿಕೊಂಡ ಬಂಧುವಿನೊಡನೆ ಮಾತಾಡಲೆಂದು ಒಬ್ಬರು ಇದನ್ನು ಕಟ್ಟಿಕೊಂಡಿದ್ದರು. 2011ರ ಮಾರ್ಚ್ 11ರ ಸುನಾಮಿ ಆ ಕರಾವಳಿಯನ್ನು ಬಳಿದುಕೊಂಡು ಹೋದ ಮೇಲೆ ತಮ್ಮವರನ್ನು ಕಳೆದುಕೊಂಡ ಸಾವಿರಾರು ಜನ ಬಂದು ಆ ರಿಸೀವರ್ ಎತ್ತಿ ಮಾತಾಡಿದ್ದಾರೆ. ಆ ಕಡೆಯಿಂದ ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೇ ಬಂದವರು ಅವರು.

ಬಾಗ್ದಾದ್ ಮತ್ತು ಕೈರೋ ನಗರಗಳ ಹಿನ್ನೆಲೆಯಲ್ಲಿ ಅಮೆರಿಕಾದ ಟೆಡ್ ಚಿಯಾಂಗ್ 2007ರಲ್ಲಿ ಬರೆದ 'ದಿ ಮರ್ಚೆಂಟ್ ಅಂಡ್ ದಿ ಆಲ್ಕೆಮಿಸ್ಟ್ಸ್ ಗೇಟ್' ಕಥೆಯೂ ಇದೇ ದಾರಿಯಲ್ಲಿ ಸಾಗುತ್ತದೆ. ಅಲ್ಲಿ ಬಟ್ಟೆ ವ್ಯಾಪಾರಿಯೊಬ್ಬ ಸತ್ತ ಹೆಂಡತಿಯನ್ನು ಉಳಿಸಲೆಂದು ಇಪ್ಪತ್ತು ವರ್ಷ ಹಿಂದಕ್ಕೆ ಹೋಗುತ್ತಾನೆ. ತಡವಾಗಿ ತಲುಪುತ್ತಾನೆ. ಅವಳನ್ನು ಉಳಿಸಲಾಗದಿದ್ದರೂ ಅವಳ ಕೊನೆಯ ಮಾತು ಅವನ ಕಿವಿಗೆ ಬೀಳುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವನ್ನೂ ಹೇಳಲೇಬೇಕು. ಆದದ್ದು ಆಗಿಹೋಯಿತು, ಅದನ್ನು ಅರಿತು ಮುಂದೆ ನಡೆಯಿರಿ ಎಂಬ ಮಾತು ಅಕ್ಕತಂಗಿಯರ ನಡುವೆ ಒಪ್ಪುತ್ತದೆ. ಅದೇ ಮಾತನ್ನು ಕೊಲೆಯಾದವರ ಮನೆಯವರಿಗೆ, ನೆಲ ಕಳೆದುಕೊಂಡವರಿಗೆ, ಅದೂ ಅನ್ಯಾಯ ಮಾಡಿದವರೇ ಹೇಳಿದರೆ? ಅದು ಕ್ರೌರ್ಯ. ಶಿಕ್ಷಿಸಲಾಗದಷ್ಟು ದೊಡ್ಡ ಪಾತಕವನ್ನು ಕ್ಷಮಿಸಲೂ ಆಗದು ಎಂದು ಅರೆಂಟ್ ಕೂಡ ಬರೆದಿದ್ದಾರೆ. ಈ ಚಿತ್ರ ಆ ಕಡೆ ತಲೆ ಹಾಕುವುದೇ ಇಲ್ಲ. ಅದರ ಲೋಕ ನಾಲ್ಕಾರು ಮೇಜುಗಳಷ್ಟೇ ಚಿಕ್ಕದು. ಕಣ್ಣೀರು ತರಿಸುವ ಆತುರವೂ ಅದಕ್ಕೆ ಕೆಲವೆಡೆ ಹೆಚ್ಚೇ ಇದೆ.

ಆದರೂ ಕಾಝುವನ್ನು ಮರೆಯುವುದು ಕಷ್ಟ. ಕುರ್ಚಿಗೆ ಅಂಟಿಕೊಂಡು ಪುಸ್ತಕ ಓದುವ ಆ ಹೆಂಗಸು ಬೇರೆ ಯಾರೂ ಅಲ್ಲ, ಅವಳ ತಾಯಿ. ಅಂದು ಕಾಫಿ ಬಗ್ಗಿಸಿ ಕೊಟ್ಟವಳು ಬಾಲಕಿ ಕಾಝುವೇ. ತಾಯಿ ತನ್ನನ್ನು ತೊರೆದುಹೋದಳು ಎಂಬ ಭಾರ ಹೊತ್ತೇ ಅವಳು ಬೆಳೆದಿದ್ದಾಳೆ. ಹೋಗಿ ಕೇಳೋಣವೆಂದರೆ ಆ ಮನೆತನದ ಹೆಣ್ಣುಮಕ್ಕಳು ಬಗ್ಗಿಸಿದ ಕಾಫಿಗಷ್ಟೇ ಆ ಗುಣ, ತನಗೆ ತಾನೇ ಬಗ್ಗಿಸಿಕೊಳ್ಳುವಂತಿಲ್ಲ. ಕೊನೆಗೆ ಆ ಕೆಲಸಕ್ಕೆ ಬರುವವಳು ಇನ್ನೂ ಹುಟ್ಟದ ಅವಳದೇ ಮಗಳು, ಮುಂದಿನ ಕಾಲದಿಂದ. ಆ ಹುಡುಗಿ ಬಗ್ಗಿಸಿದ ಬಟ್ಟಲನ್ನು ಮುಂದಿಟ್ಟುಕೊಂಡು ಕಾಝು ಮೊದಲ ಬಾರಿಗೆ ಆ ಕುರ್ಚಿಯಲ್ಲಿ ಕೂರುತ್ತಾಳೆ.